ಹೊಸ ಕ್ಯಾಮೆರಾ ಅಂತ ಕೊಟ್ಟಿದ್ದಾರೆ, ನಿಜಕ್ಕೂ ಹೊಸದಾ? ಮೊದಲ ಒಂದು ಗಂಟೆಯಲ್ಲೇ ನೋಡಿಕೊಳ್ಳಿ

ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ನಮ್ಮ ಕಡೆ ಕ್ಯಾಮೆರಾ ಕೊಳ್ಳುವವರು ಜಾಸ್ತಿ. ಮದುವೆ ಸೀಸನ್‌ಗೆ ಎರಡನೇ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ಬೇಕು ಎನ್ನುವ ಸ್ಟುಡಿಯೋದವರು, ಮಂಡಗದ್ದೆ, ಗುಡವಿಯ ಹಕ್ಕಿ ನೋಡಿ ಹುಚ್ಚು ಹತ್ತಿಸಿಕೊಂಡ ಹುಡುಗರು, ಯೂಟ್ಯೂಬ್ ಚಾನೆಲ್ ಶುರು ಮಾಡುವವರು. ಕೆಲವರು ಶಿವಮೊಗ್ಗದಲ್ಲೇ ಕೊಳ್ಳುತ್ತಾರೆ, ಕೆಲವರು ಬೆಂಗಳೂರಿಗೆ ಹೋದಾಗ ತರುತ್ತಾರೆ, ಉಳಿದವರು ಆನ್‌ಲೈನ್. ಮೂರೂ ಕಡೆಯಿಂದ ಒಂದು ದೂರು ಆಗಾಗ ಕೇಳಿಬರುತ್ತದೆ: "ಹೊಸದು ಅಂತ ಕೊಟ್ರು ಮಾರಾಯ್ರೆ, ನೋಡಿದ್ರೆ ಯಾರೋ ಬಳಸಿದ ಹಾಗಿದೆ."

ಹೀಗಾಗುವುದಕ್ಕೆ ದಾರಿಗಳು ಹಲವು. ಷೋಕೇಸಿನಲ್ಲಿ ತಿಂಗಳುಗಟ್ಟಲೆ ಇದ್ದ ಡೆಮೊ ಪೀಸನ್ನು ಪೆಟ್ಟಿಗೆಗೆ ಹಾಕಿ ಕೊಡುತ್ತಾರೆ. ಒಬ್ಬರು ಕೊಂಡು, ವಾರ ಬಳಸಿ ವಾಪಸ್ ಕಳಿಸಿದ್ದು ಮತ್ತೆ ಹೊಸದರ ರಾಶಿಗೆ ಸೇರುತ್ತದೆ. ಬಾಡಿಗೆಗೆ ಓಡಾಡಿದ್ದನ್ನೂ ಒರೆಸಿ ಮಾರುವವರಿದ್ದಾರೆ. ಹಾಗಂತ ಅನುಮಾನ ಬಂದದ್ದೆಲ್ಲ ಮೋಸವೂ ಅಲ್ಲ. ಫ್ಯಾಕ್ಟರಿಯಲ್ಲೇ ಪರೀಕ್ಷೆಗೆ ಒಂದಷ್ಟು ಕ್ಲಿಕ್ ಮಾಡಿರುತ್ತಾರೆ. ಅಂಗಡಿಯವರು ಒಮ್ಮೆ ಆನ್ ಮಾಡಿ ನೋಡಿರಬಹುದು.

ಈ ವ್ಯತ್ಯಾಸ ಗೊತ್ತಾಗುವುದು ಮೊದಲ ಒಂದು ಗಂಟೆಯಲ್ಲಿ ಮಾತ್ರ. ಆಮೇಲೆ ನೀವೇ ಇನ್ನೂರು ಕ್ಲಿಕ್ ಮಾಡಿರುತ್ತೀರಿ, ನಿಮ್ಮ ಕೈಯ ಗೀರೇ ಬಿದ್ದಿರುತ್ತದೆ, ಎಲ್ಲ ಸೆಟ್ಟಿಂಗೂ ಬದಲಾಗಿರುತ್ತದೆ. ಆಗ ಹೇಳಿದರೆ ಯಾರು ನಂಬುತ್ತಾರೆ? ಅದಕ್ಕೇ ಕೆಳಗೆ ಹೇಳುವ ಕ್ರಮ ಮುಖ್ಯ. ಮೈ ನೋಡುವುದು ಮೊದಲು, ಆನ್ ಮಾಡುವುದು ಆಮೇಲೆ, ಕ್ಲಿಕ್ ಕೊನೆಗೆ.

ಪೆಟ್ಟಿಗೆ ತೆರೆಯುವ ಮುಂಚೆ

ಆನ್‌ಲೈನ್ ಆದರೆ ವಿಡಿಯೋ ಶುರು ಮಾಡಿಯೇ ಕತ್ತರಿ ಹಿಡಿಯಿರಿ. ಮನೆಯಲ್ಲಿ ಯಾರಿಗಾದರೂ ಫೋನ್ ಕೊಟ್ಟು ಹಿಡಿಸಿ. ಪಾರ್ಸೆಲ್‌ನ ಆರೂ ಮುಖ, ವಿಳಾಸದ ಚೀಟಿ, ಟೇಪು, ಒಳಗಿನ ಪೆಟ್ಟಿಗೆಯ ಸೀರಿಯಲ್ ನಂಬರ್ ಎಲ್ಲ ಕಾಣಬೇಕು. ನಡುವೆ ನಿಲ್ಲಿಸಬೇಡಿ. ಕಟ್ ಇದ್ದರೆ "ನಡುವೆ ಬದಲಾಯಿಸಿದ್ದೀರಿ" ಅನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ಇನ್ನೊಂದು ತಾಪತ್ರಯ ಇದೆ. ಮನೆ ತನಕ ಕೊರಿಯರ್ ಬರುವುದಿಲ್ಲ, ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಗುರುತಿನ ಅಂಗಡಿಯಲ್ಲಿ ಇಟ್ಟು ಹೋಗಿರುತ್ತಾರೆ. ಹಾಗಿದ್ದರೆ ಅಲ್ಲಿಂದ ಎತ್ತಿಕೊಳ್ಳುವಾಗಲೇ ಪಾರ್ಸೆಲ್‌ನ ಫೋಟೋ ತೆಗೆದುಕೊಳ್ಳಿ. ತೆರೆಯುವುದನ್ನು ಮಾತ್ರ ಮನೆಯಲ್ಲೇ ಇಟ್ಟುಕೊಳ್ಳಿ.

ಸೀಲ್ ಇಲ್ಲ ಅಂತ ಗಾಬರಿ ಬೀಳಬೇಡಿ. ಎಷ್ಟೋ ಕ್ಯಾಮೆರಾ ಪೆಟ್ಟಿಗೆಗಳು ಫ್ಯಾಕ್ಟರಿಯಿಂದಲೇ ಸೀಲ್ ಇಲ್ಲದೆ ಬರುತ್ತವೆ. ನೋಡಬೇಕಾದದ್ದು ಟೇಪ್ ಎರಡು ಪದರ ಇದೆಯಾ, ಒಂದನ್ನು ಕಿತ್ತ ಜಾಗದಲ್ಲಿ ರಟ್ಟಿನ ಸಿಪ್ಪೆ ಎದ್ದಿದೆಯಾ ಅನ್ನುವುದನ್ನು.

ಆಮೇಲೆ ಪೆಟ್ಟಿಗೆಯ ಮೇಲಿನ ಚೀಟಿ. ಹೊರದೇಶದಿಂದ ತಂದು ಇಲ್ಲಿ ಮಾರುವ ಪೆಟ್ಟಿಗೆಯ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ಯಾವ ದೇಶದ್ದು, ಎಂಆರ್‌ಪಿ, ತಿಂಗಳು ಮತ್ತು ವರ್ಷ, ಗ್ರಾಹಕರ ದೂರಿಗೆ ನಂಬರ್ ಇರಬೇಕು ಅಂತ 2011ರ ಪ್ಯಾಕೇಜ್ ನಿಯಮಗಳು ಹೇಳುತ್ತವೆ. ಈ ಚೀಟಿಯೇ ಇಲ್ಲದಿದ್ದರೆ ಅದು ಸೂಟ್‌ಕೇಸಿನಲ್ಲಿ ಬಂದ ಮಾಲು. ಹೊಸದೇ ಆಗಿದ್ದರೂ ಇಲ್ಲಿನ ವಾರಂಟಿ ಸಿಗುವುದು ಕಷ್ಟ. ಚೀಟಿಯಲ್ಲಿರುವ ತಿಂಗಳನ್ನು ಬರೆದಿಟ್ಟುಕೊಳ್ಳಿ, ಮುಂದೆ ಲೆನ್ಸ್ ನೋಡುವಾಗ ಬೇಕಾಗುತ್ತದೆ.

ಸೀರಿಯಲ್ ನಂಬರ್ ಪೆಟ್ಟಿಗೆ, ಬಾಡಿ, ಬಿಲ್ ಮೂರರಲ್ಲೂ ಒಂದೇ ಇರಬೇಕು. ವಾರಂಟಿ ಕಾರ್ಡಿನಲ್ಲಿ ಬರೆದಿದ್ದರೆ ಅಲ್ಲೂ. ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸಿಗೆ ಬೇರೆಯೇ ನಂಬರ್ ಇರುತ್ತದೆ, ಅದನ್ನೂ ತಾಳೆ ನೋಡಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಯದೆ ಬರೀ ಮಾದರಿ ಹೆಸರು ಬರೆದುಕೊಡುವ ಅಂಗಡಿಗಳಿವೆ. "ಅಣ್ಣ, ನಂಬರ್ ಒಂದು ಬರೆದುಕೊಡಿ" ಅಂತ ನಿಂತು ಬರೆಸಿಕೊಳ್ಳಿ. ಬಿಲ್ಲಿನಲ್ಲಿರುವ ಅಂಗಡಿಯ ಜಿಎಸ್‌ಟಿ ನಂಬರ್ 15 ಅಕ್ಷರದ್ದು, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ನಂಬರ್ ಹಾಕಿದರೆ ಯಾರ ಹೆಸರಿನಲ್ಲಿದೆ ಅಂತ ಬರುತ್ತದೆ. ಬಿಲ್ ಬೇಡ ಅಂದ್ರೆ 18% ಉಳಿಯುತ್ತೆ ಅನ್ನುವ ಮಾತಿಗೆ ಮರುಳಾದರೆ ಈ ಲೇಖನದ ಉಳಿದ ಭಾಗ ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

ಬ್ಯಾಟರಿ ಹಾಕದೆ ಮೈ ನೋಡಿ

ಹಗಲು ಬೆಳಕಿನಲ್ಲಿ, ಕಿಟಕಿ ಪಕ್ಕ ಕೂರಿ. ಜೊತೆಗೆ ಫೋನಿನ ಟಾರ್ಚ್ ಇರಲಿ.

ಮೊದಲು ಹಾಟ್ ಶೂ, ಅಂದರೆ ಮೇಲೆ ಫ್ಲ್ಯಾಶ್ ಸಿಕ್ಕಿಸುವ ಜಾಗ. ಫ್ಲ್ಯಾಶ್ ಒಂದೆರಡು ಸಲ ಹಾಕಿ ತೆಗೆದರೂ ಅದರ ಎರಡು ಹಳಿಗಳ ಕಪ್ಪು ಬಣ್ಣ ಸವೆದು ಒಳಗಿನ ಲೋಹ ಬೆಳ್ಳಗೆ ಕಾಣುತ್ತದೆ. ಮದುವೆಗೆ ಹೋಗಿ ಬಂದ ಕ್ಯಾಮೆರಾ ಮೊದಲು ಸಿಕ್ಕಿಬೀಳುವುದು ಇಲ್ಲೇ. ಮೈಯನ್ನು ಎಷ್ಟು ಒರೆಸಿದರೂ ಹಳಿಯ ಗೀರು ಹೋಗುವುದಿಲ್ಲ.

ಎರಡನೆಯದು ಕೆಳಗಿನ ಟ್ರೈಪಾಡ್ ತೂತು. ಅದರ ಸುರುಳಿಯಲ್ಲಿ ಹೊಳೆಯುವ ಗೀರು, ಸುತ್ತ ಉಂಗುರದ ಹಾಗೆ ಒತ್ತಿದ ಗುರುತು ಇದ್ದರೆ ಯಾರೋ ಸ್ಟ್ಯಾಂಡಿಗೆ ಹಾಕಿದ್ದಾರೆ. ಮೂರನೆಯದು ಲೆನ್ಸ್ ಕೂರುವ ಲೋಹದ ಉಂಗುರ. ಫ್ಯಾಕ್ಟರಿಯಲ್ಲೂ ಲೆನ್ಸ್ ಹಾಕಿ ನೋಡುತ್ತಾರೆ, ಹಾಗಾಗಿ ಒಂದು ತೆಳು ಗೆರೆ ತಪ್ಪಲ್ಲ. ಸುತ್ತಲೂ ಉಜ್ಜಿದ ಹಾಗಿದ್ದರೆ ಲೆನ್ಸ್ ಹತ್ತಾರು ಸಲ ಬದಲಾಗಿದೆ ಅಂತ ಅರ್ಥ.

ಬೆಲ್ಟ್ ಕಟ್ಟುವ ಕೊಂಡಿಯ ಬಣ್ಣ, ಗ್ರಿಪ್ ರಬ್ಬರಿನ ಮೇಲೆ ಎಣ್ಣೆ ಹೊಳಪು, ಯುಎಸ್‌ಬಿ ಮುಚ್ಚಳ ಸಡಿಲವಾಗಿದೆಯಾ, ಬ್ಯಾಟರಿಯ ತಾಮ್ರದ ಪಟ್ಟಿಯಲ್ಲಿ ಗೀರಿದೆಯಾ, ಇವನ್ನೂ ಒಂದು ಸುತ್ತು ನೋಡಿ. ಬೆಲ್ಟ್ ಮಡಿಕೆ ಬಿಚ್ಚಿ ಮತ್ತೆ ಸುತ್ತಿದ್ದರೆ ಗೊತ್ತಾಗುತ್ತದೆ. ಕೇಬಲ್, ಪುಸ್ತಕ, ಬೆಲ್ಟಿನ ಪ್ಲಾಸ್ಟಿಕ್ ಚೀಲಗಳೆಲ್ಲ ಹರಿದಿದ್ದರೆ ಸಂಶಯ ಪಡಿ. ಡೆಮೊ ಪೀಸಿನ ವಿಷಯದಲ್ಲಿ ಕ್ಲಿಕ್ ಲೆಕ್ಕಕ್ಕಿಂತ ಈ ಮೈ ನೋಡುವುದೇ ಜಾಸ್ತಿ ಹೇಳುತ್ತದೆ. ಷೋರೂಮಿನಲ್ಲಿ ನೂರು ಜನ ಹಿಡಿದು ನೋಡಿರುತ್ತಾರೆ, ಕ್ಲಿಕ್ ಮಾಡಿದವರು ಕಡಿಮೆ.

ಕಂಡದ್ದಕ್ಕೆಲ್ಲ ಫೋಟೋ ತೆಗೆಯಿರಿ. ಒರೆಸಬೇಡಿ.

ಆನ್ ಮಾಡಿದ ಮೇಲೆ

ಹೊಸ ಕ್ಯಾಮೆರಾ ಮೊದಲ ಸಲ ಆನ್ ಆದಾಗ ಭಾಷೆ, ಟೈಮ್ ಝೋನ್, ದಿನಾಂಕ ಕೇಳುತ್ತದೆ. ಏನೂ ಕೇಳದೆ, ಇವತ್ತಿನ ತಾರೀಖು ಸರಿಯಾಗಿ ತೋರಿಸಿದರೆ ಯಾರೋ ಮೊದಲೇ ಹಾಕಿದ್ದಾರೆ. ಇದೊಂದರಿಂದಲೇ ತೀರ್ಮಾನಕ್ಕೆ ಬರಬೇಡಿ. ಅಂಗಡಿಯವರನ್ನು ಸುಮ್ನೆ ಕೇಳಿ, "ನೀವೇ ಆನ್ ಮಾಡಿ ನೋಡಿದ್ರಾ?" ಅಂತ. ಹೌದು ಅಂದರೆ ಮಾತು ಮುಗಿಯಿತು.

ರೀಸೆಟ್ ಮಾತ್ರ ಮಾಡಬೇಡಿ. ಮೊದಲು ಮೆನು ಒಳಗೆ ಹೋಗಿ. ಕಾಪಿರೈಟ್ ಅಥವಾ ಫೋಟೋಗ್ರಾಫರ್ ಹೆಸರು ಬರೆಯುವ ಜಾಗ ಒಂದಿರುತ್ತದೆ. ಮಾರುವವರು ಅದನ್ನು ಅಳಿಸಲು ಮರೆಯುತ್ತಾರೆ. ಸಾಗರದ ಕಡೆಯ ಹುಡುಗನೊಬ್ಬ ತೋರಿಸಲು ತಂದಿದ್ದ ಹೊಸ ಬಾಡಿಯಲ್ಲಿ, ಆ ಸಾಲಿನಲ್ಲಿ ದೂರದ ಊರಿನ ಸ್ಟುಡಿಯೋ ಹೆಸರು ಚೆಂದವಾಗಿ ಕೂತಿತ್ತು. ಪರದೆಯ ಫೋಟೋ ತೆಗೆದು ಅಂಗಡಿಗೆ ಕಳಿಸಿದ. ಅವರು ಮರುಮಾತಾಡದೆ ಬದಲಾಯಿಸಿಕೊಟ್ಟರು.

ಹಾಗೆಯೇ ಬ್ಲೂಟೂತ್ ಮತ್ತು ವೈಫೈ ಪಟ್ಟಿಯಲ್ಲಿ ಯಾರದಾದರೂ ಫೋನ್ ಹೆಸರು ಉಳಿದಿದೆಯಾ ನೋಡಿ. ಮೇಲಿನ ಡಯಲ್‌ನ ಯು1, ಸಿ1 ಥರದ ಸ್ವಂತ ಸೆಟ್ಟಿಂಗ್‌ಗಳಲ್ಲಿ ವಿಚಿತ್ರ ಹೊಂದಿಕೆಗಳಿವೆಯಾ, "ಮೈ ಮೆನು" ಅನ್ನುವ, ಬೇಕಾದ ಆಯ್ಕೆ ಕೂಡಿಸಿಟ್ಟುಕೊಳ್ಳುವ ಪುಟದಲ್ಲಿ ಯಾರಾದರೂ ಏನಾದರೂ ಸೇರಿಸಿಕೊಂಡಿದ್ದಾರಾ ಅಂತಲೂ ಗಮನಿಸಿ.

ನಿಕಾನ್‌ನ ಹಲವು ಮಾದರಿಗಳಲ್ಲಿ ಬ್ಯಾಟರಿ ವಿವರದ ಪುಟದಲ್ಲಿ ಬ್ಯಾಟರಿ ವಯಸ್ಸು 0ಯಿಂದ 4ರ ತನಕ ತೋರಿಸುತ್ತದೆ. ಹೊಸದಕ್ಕೆ 0. ಕ್ಯಾನನ್‌ನ ಹಲವು ಬಾಡಿಗಳಲ್ಲಿ ಮೂರು ಹಸಿರು ಚೌಕಗಳಿರುತ್ತವೆ, ಒಂದು ಕಡಿಮೆ ಇದ್ದರೂ ಬ್ಯಾಟರಿ ಸಾಕಷ್ಟು ಸಲ ಚಾರ್ಜ್ ಆಗಿದೆ. ಆದರೆ ಬಳಸಿದ ಬಾಡಿಯೊಳಗೆ ಹೊಸ ಬ್ಯಾಟರಿ ಹಾಕಿ ಕೊಡುವುದು ಸುಲಭ. ಬ್ಯಾಟರಿ ಹಳೆಯದಿದ್ದರೆ ಅದು ಸಾಕ್ಷಿ, ಹೊಸದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ.

ಮೊದಲ ಕ್ಲಿಕ್ ಮತ್ತು ಶಟರ್ ಕೌಂಟ್

ಹೊಸ ಮೆಮೊರಿ ಕಾರ್ಡ್ ಹಾಕಿ ಇದೇ ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿ. ಹಳೆ ಕಾರ್ಡ್ ಹಾಗೇ ಹಾಕಿದರೆ ಎಡವಟ್ಟಾಗುತ್ತದೆ. ಅದರಲ್ಲಿ 4531ನೇ ನಂಬರಿನ ಫೋಟೋ ಇದ್ದರೆ ಹೊಸ ಕ್ಯಾಮೆರಾವೂ 4532ರಿಂದ ಎಣಿಸಲು ಶುರು ಮಾಡಬಹುದು. ಖಾಲಿ ಕಾರ್ಡಿನಲ್ಲಿ ಒಂದೇ ಒಂದು ಫೋಟೋ ತೆಗೆಯಿರಿ. ಬಿಳಿ ಗೋಡೆಯದ್ದೇ ಸಾಕು. ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಆದರೆ ಮೆಕ್ಯಾನಿಕಲ್ ಶಟರ್‌ಗೆ, ಅಂದರೆ ಒಳಗಿನ ಪರದೆ ನಿಜವಾಗಿ ತೆರೆದು ಮುಚ್ಚುವ ಆಯ್ಕೆಗೆ ಹಾಕಿಕೊಂಡು ತೆಗೆಯಿರಿ.

ಫೈಲ್ ಹೆಸರಿನ ಕೊನೆಯಲ್ಲಿ 0001 ಅಥವಾ ಅದರ ಹತ್ತಿರದ ಸಂಖ್ಯೆ ಇದ್ದರೆ ಸಮಾಧಾನ, ಆದರೆ ಪೂರ್ತಿ ಅಲ್ಲ. ಈ ಎಣಿಕೆ 9999ಕ್ಕೆ ಮುಗಿದು ಮತ್ತೆ ಒಂದರಿಂದ ಶುರುವಾಗುತ್ತದೆ, ಮೆನುವಿನಲ್ಲಿ ಬೇಕೆಂದಾಗ ರೀಸೆಟ್ಟೂ ಮಾಡಬಹುದು. ಖಾಲಿ ಕಾರ್ಡಿನಲ್ಲೂ 2870 ಅಂತ ಬಂದರೆ ಮಾತ್ರ ಗಟ್ಟಿ ಸುಳಿವು.

ಇನ್ನು ಶಟರ್ ಕೌಂಟ್. ಬೈಕಿಗೆ ಕಿಲೋಮೀಟರ್ ಇದ್ದ ಹಾಗೆ ಇದು. ಒಳಗಿನ ಪರದೆ ಎಷ್ಟು ಸಲ ತೆರೆದು ಮುಚ್ಚಿದೆ ಅನ್ನುವ ಲೆಕ್ಕ. ಬ್ರ್ಯಾಂಡ್‌ಗೆ ತಕ್ಕ ಹಾಗೆ ಓದುವ ದಾರಿ ಬೇರೆ.

ನಿಕಾನ್ ಸುಲಭ. ಪ್ರತಿ ಫೋಟೋದ ಎಕ್ಸಿಫ್ ಮಾಹಿತಿಯೊಳಗೇ (ಫೈಲಿನಲ್ಲಿ ಕ್ಯಾಮೆರಾ ತಾನೇ ಬರೆದಿಡುವ ವಿವರ) ಲೆಕ್ಕ ಬರೆದಿರುತ್ತದೆ. ಪೆಂಟಾಕ್ಸ್‌ನಲ್ಲೂ, ಸೋನಿ ಮತ್ತು ಫ್ಯೂಜಿಯ ಹಲವು ಮಾದರಿಗಳಲ್ಲೂ ಹೀಗೇ. ಕಂಪ್ಯೂಟರ್‌ನಲ್ಲಿ ಎಕ್ಸಿಫ್‌ಟೂಲ್ ಅನ್ನುವ ಉಚಿತ ಪ್ರೋಗ್ರಾಂ ಹಾಕಿಕೊಂಡು ಫೋಟೋ ತೆರೆದರೆ ಶಟರ್ ಕೌಂಟ್ ಅಥವಾ ಇಮೇಜ್ ಕೌಂಟ್ ಅನ್ನುವ ಸಾಲು ಸಿಗುತ್ತದೆ. ಫೋಟೋ ಅಪ್‌ಲೋಡ್ ಮಾಡಿಸಿಕೊಂಡು ಲೆಕ್ಕ ಹೇಳುವ ವೆಬ್‌ಸೈಟ್‌ಗಳೂ ಇವೆ. ಅಲ್ಲಿಗೆ ಗೋಡೆ ಫೋಟೋ ಹಾಕಿ, ಮನೆಯವರದ್ದು ಬೇಡ. ಕೆಲವು ಸಲ ಫೋಟೋದೊಳಗೆ ಜಾಗದ ಗುರುತೂ ಇರುತ್ತದೆ.

ಕಾರ್ಡಿನಿಂದ ನೇರವಾಗಿ ಕಾಪಿ ಮಾಡಿದ ಮೂಲ ಫೈಲೇ ಬೇಕು. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಈ ಮಾಹಿತಿಯೆಲ್ಲ ಉದುರಿಹೋಗುತ್ತದೆ. ಶಿವಮೊಗ್ಗದಲ್ಲಿರುವ ಗೆಳೆಯನಿಗೆ ಕಳಿಸಿ ನೋಡಿಸುವುದಾದರೆ ಡಾಕ್ಯುಮೆಂಟ್ ಅಂತ ಕಳಿಸಿ.

ಕ್ಯಾನನ್ ಸ್ವಲ್ಪ ಕಿರಿಕಿರಿ. ಹೆಚ್ಚಿನ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ) ಮಾದರಿಗಳು ಈ ಲೆಕ್ಕವನ್ನು ಫೋಟೋದಲ್ಲಿ ಬರೆಯುವುದಿಲ್ಲ. ಯುಎಸ್‌ಬಿ ಕೇಬಲ್ ಹಾಕಿ ಬೇರೆ ಪ್ರೋಗ್ರಾಂನಿಂದ ಓದಬೇಕು, ಇಲ್ಲವೇ ಸರ್ವಿಸ್ ಸೆಂಟರ್‌ನಲ್ಲಿ ಕೇಳಬೇಕು. 1ಡಿ ಎಕ್ಸ್ ಥರದ ದುಬಾರಿ ಬಾಡಿಗಳಲ್ಲಿ ಮೆನುವಿನಲ್ಲೇ ತೋರಿಸುತ್ತದೆ.

ಸಂಖ್ಯೆ ಸಿಕ್ಕಿತು. ಈಗ ಅದನ್ನು ಹೇಗೆ ನೋಡುವುದು? ನನ್ನ ಅಳತೆ ಹೀಗಿದೆ. ಐವತ್ತರೊಳಗೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ನೂರು, ಇನ್ನೂರು ಇದ್ದರೆ ಮೈ ಮತ್ತು ಮೆನುವಿನಲ್ಲಿ ಏನಾದರೂ ಕಂಡಿತ್ತಾ ಅಂತ ಹಿಂದೆ ಹೋಗಿ ನೋಡಿ. ಐನೂರು ದಾಟಿದರೆ ಕೇಳಲೇಬೇಕು. ಮೂರು ಸಾವಿರ ಇದ್ದರೆ ಯಾರದೋ ಮದುವೆ ಮುಗಿಸಿ ಬಂದಿದೆ. ಎರಡು ದಿನದ ಮಲೆನಾಡಿನ ಮದುವೆಗೆ ಅಷ್ಟು ಕ್ಲಿಕ್ ದೊಡ್ಡ ಮಾತಲ್ಲ.

ಯಂತ್ರಕ್ಕೆ ಅದರಿಂದ ಹಾನಿಯೇನೂ ಇಲ್ಲ ಅನ್ನುವುದನ್ನೂ ಹೇಳಬೇಕು. ನಿಕಾನ್ ಡಿ3500ರ ಶಟರ್ 1 ಲಕ್ಷ ಕ್ಲಿಕ್‌ಗೆ ಪರೀಕ್ಷೆಯಾದದ್ದು, ಕ್ಯಾನನ್ 5ಡಿ ಮಾರ್ಕ್ 4ರದ್ದು ಒಂದೂವರೆ ಲಕ್ಷ, ನಿಕಾನ್ ಡಿ850ರದ್ದು 2 ಲಕ್ಷ. ಮೂರು ಸಾವಿರ ಅದರಲ್ಲಿ ಎಷ್ಟು? ತಕರಾರು ಇರುವುದು ಬೆಲೆಯ ಬಗ್ಗೆ, ವಾರಂಟಿಯ ಬಗ್ಗೆ. ಹೊಸದರ ದುಡ್ಡು ಕೊಟ್ಟಿದ್ದೀರಿ.

ಕೌಂಟ್ ಕಡಿಮೆ ಇದ್ದ ಮಾತ್ರಕ್ಕೆ ಹೊಸದು ಅಂತಲೂ ಅಲ್ಲ. ವಿಡಿಯೋ ತೆಗೆದ ಗಂಟೆಗಳು ಇದರಲ್ಲಿ ಬರುವುದಿಲ್ಲ. ಪರದೆ ಅಲುಗದೆ ಕೆಲಸ ಮಾಡುವ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ತೆಗೆದದ್ದನ್ನು ಎಷ್ಟೋ ಮಾದರಿಗಳು ಎಣಿಸುವುದಿಲ್ಲ. ನಿಕಾನ್ ಝಡ್8, ಝಡ್9ರಲ್ಲಿ ಮೆಕ್ಯಾನಿಕಲ್ ಶಟರ್ರೇ ಇಲ್ಲ. ಸರ್ವಿಸ್‌ನಲ್ಲಿ ಶಟರ್ ಬದಲಿಸಿದರೆ ಲೆಕ್ಕ ಸೊನ್ನೆಯಿಂದ ಶುರುವಾಗಿರಲೂಬಹುದು.

ಲೆನ್ಸ್, ಸೆನ್ಸರ್ ಮತ್ತು ನಮ್ಮ ಮಳೆ

ಲೆನ್ಸಿನ ಕಿಂಡಿ ಕಿರಿದಾಗುವ ಹಾಗೆ ಎಫ್ 16ಕ್ಕೆ ಇಟ್ಟು, ಫೋಕಸ್ ತಪ್ಪಿಸಿ ಆಕಾಶದ ಒಂದು ಫೋಟೋ ತೆಗೆಯಿರಿ. ದೊಡ್ಡದು ಮಾಡಿ ನೋಡಿದಾಗ ಬೂದು ಚುಕ್ಕೆಗಳು ಕಂಡರೆ ಸೆನ್ಸರ್ (ಒಳಗೆ ಚಿತ್ರ ಹಿಡಿಯುವ ಭಾಗ) ಮೇಲೆ ಧೂಳಿದೆ. ಒಂದೆರಡು ಇದ್ದರೆ ಬಿಡಿ. ಹೊಸದರಲ್ಲೂ ಚುಕ್ಕೆ ಬರುವುದುಂಟು. 2012ರಲ್ಲಿ ಬಂದ ನಿಕಾನ್ ಡಿ600 ಇದಕ್ಕೇ ಹೆಸರಾಗಿತ್ತು. ಕೊನೆಗೆ 2014ರಲ್ಲಿ ಕಂಪನಿ ಉಚಿತವಾಗಿ ಶಟರ್ ಬದಲಿಸಿಕೊಡುವುದಾಗಿ ಹೇಳಿತು. ಸೆನ್ಸರನ್ನು ಸುಮ್ನೆ ಹತ್ತಿಬಟ್ಟೆ ಹಾಕಿ ಒರೆಸಲು ಹೋಗಬೇಡಿ.

ಲೆನ್ಸ್ ಕಡೆ ನಮ್ಮ ಜಿಲ್ಲೆಯವರು ಬೇರೆಯವರಿಗಿಂತ ಹೆಚ್ಚು ಹೊತ್ತು ಕೊಡಬೇಕು. ಆಗುಂಬೆ, ಹುಲಿಕಲ್ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಲೆನ್ಸ್ ಯಾವ ಲೆಕ್ಕ? ಲೆನ್ಸ್‌ನ ಎರಡೂ ಮುಚ್ಚಳ ತೆಗೆದು, ಕತ್ತಲೆ ಕೋಣೆಯಲ್ಲಿ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಜೇಡನ ಎಳೆಯಂಥ ಕವಲು ಕವಲು ಗೆರೆ ಕಂಡರೆ ಫಂಗಸ್. ಬಿಡಿ ಕಣಗಳಾದರೆ ಬರೀ ಧೂಳು, ಹೊಸ ಲೆನ್ಸಿನಲ್ಲೂ ಇರುತ್ತದೆ.

ಫಂಗಸ್ ಇದ್ದರೆ ಎರಡು ಸಾಧ್ಯತೆ. ಯಾರೋ ಬಳಸಿದ್ದಾರೆ, ಅಥವಾ ಯಾರೂ ಮುಟ್ಟದೆ ಎರಡು ಮೂರು ಮಳೆಗಾಲ ಕಪಾಟಿನಲ್ಲಿ ಕೂತಿದೆ. ಪೆಟ್ಟಿಗೆ ಮೇಲಿನ ತಿಂಗಳು ಬರೆದಿಟ್ಟುಕೊಳ್ಳಿ ಅಂದದ್ದು ಇದಕ್ಕೇ. ಎರಡೂ ಸಂದರ್ಭದಲ್ಲಿ ಆ ಲೆನ್ಸ್ ಬೇಡ. "ಕ್ಲೀನ್ ಮಾಡಿಸಿಕೊಡ್ತೀವಿ ಸರ್" ಅನ್ನುವುದಕ್ಕೆ ಒಪ್ಪಬೇಡಿ. ಒಮ್ಮೆ ಹಿಡಿದರೆ ಗಾಜಿನ ಮೇಲಿನ ಲೇಪನಕ್ಕೆ ಕಲೆ ಉಳಿಯಬಹುದು, ಮುಂದಿನ ಮಳೆಗಾಲಕ್ಕೆ ಮತ್ತೆ ಬರುವುದೂ ಉಂಟು.

ಸಾಕ್ಷಿ ಕೂಡಿಸಿ, ಆಮೇಲೆ ಮಾತಾಡಿ

ಒಂದು ಗೀರಿಗೆ ಜಗಳ ತೆಗೆದರೆ ಸೋಲುತ್ತೀರಿ. ಹಾಟ್ ಶೂ ಸವೆದಿದೆ, ಕೌಂಟ್ ಎಂಟುನೂರಿದೆ, ಫೋನ್ ಹೆಸರು ಉಳಿದಿದೆ, ಹೀಗೆ ಎರಡು ಮೂರು ಸೇರಿದರೆ ಎದುರಿನವರಿಗೂ ವಾದ ಕಷ್ಟ. ಕಂಪನಿಯ ವೆಬ್‌ಸೈಟ್‌ನಲ್ಲಿ ಸೀರಿಯಲ್ ನಂಬರ್ ಹಾಕಿ ವಾರಂಟಿ ನೋಂದಣಿಗೆ ಹೋಗಿ. ಈಗಾಗಲೇ ಬೇರೆಯವರ ಹೆಸರಿನಲ್ಲಿದೆ ಅಂತ ಬಂದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಮಾರಿದ ಅಂಗಡಿಗಿಂತ ಕಂಪನಿಯ ಗ್ರಾಹಕ ಸೇವೆಯವರು ಇಂಥ ವಿಷಯದಲ್ಲಿ ನೇರವಾಗಿ ಉತ್ತರ ಕೊಡುತ್ತಾರೆ, ಫೋನ್ ಮಾಡಿ.

ಅಂಗಡಿಗೆ ಮೊದಲು ಸಮಾಧಾನದಲ್ಲೇ ಹೇಳಿ. ಅವರಿಗೂ ಡಿಸ್ಟ್ರಿಬ್ಯೂಟರ್ ಹಾಗೇ ಕೊಟ್ಟಿರಬಹುದು. ಆದರೆ ಬಾಯಿಮಾತಿಗೆ ಬಿಡದೆ ಅವತ್ತೇ ವಾಟ್ಸಾಪ್ ಅಥವಾ ಇಮೇಲ್‌ನಲ್ಲಿ ಬರೆಯಿರಿ. ಹೀಗೆ ಬರೆದರೆ ಸಾಕು:

"ಇಂಥ ತಾರೀಖು, ಇಂಥ ಬಿಲ್ ನಂಬರಿನಲ್ಲಿ ನಿಮ್ಮಿಂದ ಹೊಸ ಕ್ಯಾಮೆರಾ ಕೊಂಡಿದ್ದೇನೆ. ಸೀರಿಯಲ್ ನಂಬರ್ ಇಂಥದ್ದು. ಪೆಟ್ಟಿಗೆ ತೆರೆದ ದಿನವೇ ನೋಡಿದಾಗ ಶಟರ್ ಕೌಂಟ್ ಇಷ್ಟಿದೆ, ಹಾಟ್ ಶೂ ಸವೆದಿದೆ. ಫೋಟೋ ಮತ್ತು ವಿಡಿಯೋ ಜೊತೆಗಿದೆ. ಇದು ಬಳಸಿದ ಪೀಸ್ ಎಂದು ಕಾಣುತ್ತಿದೆ. ಹೊಸ ಪೀಸ್ ಕೊಡಿ ಅಥವಾ ಹಣ ವಾಪಸ್ ಮಾಡಿ. ಏಳು ದಿನದೊಳಗೆ ಉತ್ತರ ಕೊಡಬೇಕಾಗಿ ಕೋರುತ್ತೇನೆ."

ಆನ್‌ಲೈನ್ ಆದರೆ ವಾಪಸ್ ಮಾಡುವ ಗಡುವು ಆರ್ಡರ್ ಪುಟದಲ್ಲೇ ಇರುತ್ತದೆ, ಅದನ್ನು ಮೀರಬೇಡಿ. ನೆಟ್‌ವರ್ಕ್ ಸಿಗುವ ದಿಬ್ಬ ಹತ್ತಿಯಾದರೂ ಅವತ್ತೇ ದೂರು ಹಾಕಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಕಂಪನಿಯ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು.

ಕೆಲವರು ಬೆಲೆ ಇಳಿಸಿ ಕೊಡುತ್ತೇವೆ ಅನ್ನುತ್ತಾರೆ. ಮೈ ಚೆನ್ನಾಗಿದ್ದು, ಕೌಂಟ್ ಕಡಿಮೆ ಇದ್ದು, ಪೂರ್ತಿ ವಾರಂಟಿ ನಿಮ್ಮ ಬಿಲ್ಲಿನ ತಾರೀಖಿನಿಂದಲೇ ಸಿಗುತ್ತದೆ ಅಂತ ಬರೆದುಕೊಟ್ಟರೆ ಒಪ್ಪಿಕೊಳ್ಳುವುದರಲ್ಲಿ ತಪ್ಪಿಲ್ಲ. ಡೆಮೊ ಪೀಸ್ ಅಂತ ಬಿಲ್ಲಿನಲ್ಲಿ ನಮೂದಾಗಲಿ. ನಾನಾದರೆ ಕ್ಯಾಮೆರಾ ಬಾಡಿಯ ವಿಷಯದಲ್ಲಿ ಒಪ್ಪುತ್ತೇನೆ, ಲೆನ್ಸಿನ ವಿಷಯದಲ್ಲಿ ಒಪ್ಪುವುದಿಲ್ಲ.

ಬಗ್ಗದಿದ್ದರೆ 1915ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕರೆ ಉಚಿತ. ಅವರು ಕಂಪನಿಯ ಜೊತೆ ಮಾತಾಡಿ ಬಗೆಹರಿಸಲು ನೋಡುತ್ತಾರೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 2(47) ಪ್ರಕಾರ ಬಳಸಿದ ಅಥವಾ ದುರಸ್ತಿ ಮಾಡಿದ ವಸ್ತುವನ್ನು ಹೊಸದು ಅಂತ ಮಾರುವುದೇ ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅದರಲ್ಲೇ ಬರುತ್ತದೆ. ಅಂಗಡಿ ಬೆಂಗಳೂರಿನಲ್ಲಿರಲಿ, ದೆಹಲಿಯಲ್ಲಿರಲಿ, ನೀವು ವಾಸವಿರುವ ಶಿವಮೊಗ್ಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಎರಡು ವರ್ಷದೊಳಗೆ ಹೋಗಬೇಕು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು.

ಇಷ್ಟೆಲ್ಲ ನಡೆಯುವಾಗ ಕ್ಯಾಮೆರಾ ಬಳಸಬೇಡಿ. "ಹೇಗೂ ಇದೆಯಲ್ಲ" ಅಂತ ಜೋಗಕ್ಕೆ ಕೊಂಡುಹೋದರೆ ನಿಮ್ಮ ಕ್ಲಿಕ್ ಯಾವುದು, ಅವರ ಕ್ಲಿಕ್ ಯಾವುದು ಅಂತ ಬಿಡಿಸಿ ಹೇಳಲು ಆಗುವುದಿಲ್ಲ. ಮಳೆಗಾಲವಾದರೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ನಿಮ್ಮ ಮನೆಯ ತೇವಕ್ಕೇ ಫಂಗಸ್ ಬಂತು ಅನ್ನುವ ಮಾತು ಬರದಿರಲಿ.

ಬದಲಿ ಪೀಸ್ ಬಂದಾಗ ಮತ್ತೆ ವಿಡಿಯೋದಿಂದಲೇ ಶುರು ಮಾಡಿ. ಮೊದಲು ನೋಡಬೇಕಾದದ್ದು ಸೀರಿಯಲ್ ನಂಬರ್ ಬೇರೆಯಾಗಿದೆಯಾ ಅನ್ನುವುದನ್ನು. ಅದೇ ಪೀಸು ಹೊಸ ಟೇಪ್ ಹಚ್ಚಿಸಿಕೊಂಡು ವಾಪಸ್ ಬರುವುದೂ ಉಂಟು.